‘ಬ’ಕ್ಕೊಂದು ಗುಡಿಸು

ಆ ಭಾಷಾ ಶಾಲೆಯಲ್ಲಿ ಆಕೆಯನ್ನು ಎಲ್ಲರೂ ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಆಕೆಗೆ ಮುಖಗಳು ನೆನಪಿರುತ್ತಿರಲಿಲ್ಲ, ಕಿವಿಗಳು ನೆನಪಿರುತ್ತಿದ್ದವು.

ಮೊದಲ ಮಹಡಿಯ ಆಲಿಸುವ ಕೋಣೆಯಲ್ಲಿ ನಲವತ್ತು ಮೇಜು, ಮೇಜಿಗೊಂದು ಹೆಡ್‌ಫೋನು. ಬೇರೆ ದೇಶದ ಭಾಷೆ ಕಲಿಯಲು ಬಂದವರು ಅದನ್ನು ತಲೆಗೇರಿಸಿಕೊಂಡು, ಕಣ್ಣು ಮುಚ್ಚಿ, “ನನ್ನ ಛತ್ರಿ ಎಲ್ಲಿದೆ? ನಿನ್ನ ಛತ್ರಿ ಮೇಜಿನ ಕೆಳಗಿದೆ” ಎಂದು ಆ ಭಾಷೆಯಲ್ಲಿ ಗುಣುಗುತ್ತಿದ್ದರು. ಅವರು ಎದ್ದುಹೋದ ಮೇಲೆ ಕಿವಿಯಕ್ಕ ಒಂದೊಂದೇ ಹೆಡ್‌ಫೋನನ್ನು ತಿರುಗಿಸಿ ನೋಡುತ್ತಿದ್ದಳು. “ಇವರು ತಲೆಗೆ ಎಣ್ಣೆ ಸುರ್ಕೊಂಡು ಬರ್ತಾರೆ.” “ಇವರಿಗೆ ಎಡಗಿವಿ ಸ್ವಲ್ಪ ಮಂದ, ಬಲಗಡೆ ಒತ್ತಿ ಹಿಡಿದು ಕೇಳ್ತಾರೆ.” “ಈ ಹೆಣ್ಣುಮಗಳ ಓಲೆಯ ತಿರುಪು ಸಡಿಲ, ಇವತ್ತಲ್ಲ ನಾಳೆ ಕಳ್ಕೊಳ್ತಾಳೆ.”

ಒಮ್ಮೆ ಬೀದಿಯಲ್ಲಿ ಒಬ್ಬ ಯುವಕ ನಗುತ್ತ ನಮಸ್ಕಾರ ಹೇಳಿದ. ಕಿವಿಯಕ್ಕ ಮಿಕಮಿಕ ನೋಡಿದಳು. ಯಾರೆಂದು ಹೊಳೆಯಲಿಲ್ಲ. ಅವನು ಜೊತೆಯಲ್ಲಿದ್ದವಳ ಕಡೆ ಮುಖ ತಿರುಗಿಸಿದ್ದೇ ತಡ, ಆಕೆಯ ಕಣ್ಣರಳಿತು. “ಓ, ಹದಿನೇಳನೇ ನಂಬರು! ಗುಗ್ಗೆ ಈಗ ಎಷ್ಟೋ ಕಡಿಮೆಯಾಗಿದೆ ಕಣಪ್ಪಾ, ಭೇಷ್!” ಜೊತೆಯಲ್ಲಿದ್ದವಳು ಅವನಿಗೆ ಮದುವೆ ಗೊತ್ತಾದ ಹುಡುಗಿ. ಆ ಯುವಕ ಅಂದಿನಿಂದ ಬೇರೆ ಬೀದಿಯಲ್ಲಿ ಓಡಾಡುತ್ತಿದ್ದ.

ಇಪ್ಪತ್ತೆರಡು ವರ್ಷದ ಹಿಂದೆ ಆಕೆ ಈ ಶಾಲೆಗೆ ಬಂದದ್ದು ಪೊರಕೆ ಹಿಡಿದುಕೊಂಡು. ಆಗ ಹೆಡ್‌ಫೋನು ಕೆಟ್ಟರೆ ಅದನ್ನು ಮೇಜಿಗೆ ಎರಡು ಸಲ ಕುಟ್ಟುವುದೇ ಚಿಕಿತ್ಸೆ. ಪೆಟ್ಟು ತಿಂದೂ ತಿಂದೂ ಅವು ಮೂಲೆ ಸೇರುತ್ತಿದ್ದವು. ಕಸ ಗುಡಿಸುವಾಗ ಸಿಕ್ಕ ಅಂಥ ಒಂದನ್ನು ಆಕೆ ಮಡಿಲಲ್ಲಿ ಇಟ್ಟುಕೊಂಡು ಒರೆಸಿದಳು. ಒರೆಸುತ್ತ ಒರೆಸುತ್ತ ಅದು ಮಾತಾಡಿತು. ನಾಲ್ಕು ವರ್ಷದಲ್ಲಿ ನಲವತ್ತೂ ಆಕೆಯ ಮಡಿಲಿಗೆ ಬಂದವು. ಪೊರಕೆ ಬೇರೆಯವರ ಕೈ ಸೇರಿತು.

ಆಕೆಯ ಕೆಲಸಕ್ಕೆ ಒಂದು ಲಯವಿತ್ತು. ಬಾಯಿಯಿಂದ ಎಂದೂ ಊದುತ್ತಿರಲಿಲ್ಲ: “ಊದಿದ್ರೆ ಧೂಳಿನ ಜೊತೆ ಎಂಜಲೂ ಒಳಗೆ ಹೋಗಿ ಸಂಸಾರ ಹೂಡುತ್ತೆ.” ಜಾಲರಿಯನ್ನು ನೆಲದ ಕಡೆ ಮುಖ ಮಾಡಿ ಹಿಡಿದು, ಹಲ್ಲುಜ್ಜುವ ಮೆತ್ತನೆಯ ಬ್ರಷ್ಷಿನಿಂದ ನೇವರಿಸುತ್ತಿದ್ದಳು, ಉದುರಿದ್ದು ಹೊರಗೇ ಬೀಳಲಿ ಎಂದು. ಕಿವಿಗೆ ಒರಗುವ ದಿಂಬುಗಳನ್ನು ಬಿಚ್ಚಿ, ಸೋಪಿನ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಆರಲು ಬಿಡುತ್ತಿದ್ದಳು. ದಿಂಬಿಗೆ ಸ್ಪಿರಿಟ್ ತಾಕಿಸುತ್ತಿರಲಿಲ್ಲ, ಮೇಲಿನ ಹೊದಿಕೆ ಸಿಪ್ಪೆಯೇಳುತ್ತದೆ. ಸ್ಪಿರಿಟ್ ಏನಿದ್ದರೂ ವೈರಿನ ತುದಿಯ ಪಿನ್ನಿಗೆ. ಆ ಪಿನ್ನಿನ ಮೇಲೆ ಎರಡು ಕಪ್ಪು ಗೆರೆ, ಗೆರೆಯಿಂದಾಗಿ ಮೂರು ಭಾಗ.

“ತುದಿ ಎಡಗಿವೀದು, ನಡು ಬಲಗಿವೀದು, ಬುಡ ಇಬ್ಬರಿಗೂ ಸೇರಿದ್ದು” ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. “ತುದಿ ಕೊಳೆಯಾದ್ರೆ ಒಂದು ಕಿವಿ ಹೋಗುತ್ತೆ, ಅಷ್ಟೇ. ಬುಡ ಹಿಡೀಲಿಲ್ಲ ಅಂದ್ರೆ ಎಡ ಬಲ ಎರಡೂ ಒಂದನ್ನೊಂದು ನುಂಗ್ತವೆ. ಆಮೇಲೆ ವಾದ್ಯ ಮಾತ್ರ ಕೇಳುತ್ತೆ, ಹಾಡೋರು ನಾಪತ್ತೆ.”

ಇಷ್ಟೆಲ್ಲ ಇದ್ದರೂ ಕೊರಳಿಗೆ ತೂಗುವ ಗುರುತಿನ ಕಾರ್ಡಿನಲ್ಲಿ ಆಕೆಯ ಫೋಟೋದ ಕೆಳಗೆ ಇಂದಿಗೂ ‘ಗುಡಿಸುವವರು’ ಎಂದೇ ಇತ್ತು. ಗುಡಿಸುವುದು ಆಕೆಗೆ ಅವಮಾನವೇನಲ್ಲ. ಆದರೆ ಪೊರಕೆ ಮುಟ್ಟಿ ಹದಿನೆಂಟು ವರ್ಷವಾಗಿತ್ತು, ಕಾರ್ಡು ಪ್ರತಿದಿನ ಎದೆಯ ಮೇಲೆ ಕೂತು ಸುಳ್ಳು ಹೇಳುತ್ತಿತ್ತು. ನಿವೃತ್ತಿಗೆ ಇನ್ನು ಎರಡೇ ವರ್ಷ. ಅಷ್ಟರೊಳಗೆ ಅದು ನಿಜ ಹೇಳಬೇಕು ಎಂಬುದೊಂದೇ ಆಸೆ. ಜೊತೆಗೆ, ಶಾಲೆಯ ಹಿಂದಿನ ಗಲ್ಲಿಯಲ್ಲಿ ಟೀ ಅಂಗಡಿ ಇಟ್ಟಿದ್ದ ನಾದಿನಿ, ಕಿವಿಯಕ್ಕ ಅತ್ತ ಸುಳಿದಾಗಲೆಲ್ಲ ಗಿರಾಕಿಗಳಿಗೆ ಪರಿಚಯ ಮಾಡಿಸುತ್ತಿದ್ದಳು: “ನಮ್ಮತ್ತಿಗೆ. ಗುಡಿಸೋ ಇಲಾಖೆ.”

ಕಡೆಗೆ ಕಿವಿಯಕ್ಕ ಅರ್ಜಿ ಬರೆದು ಮೇಲ್ವಿಚಾರಕನ ಮುಂದೆ ಹಿಡಿದಳು.

ಈತ ಬಂದು ಆರು ತಿಂಗಳಾಗಿತ್ತು. ಜೇಬಿನಲ್ಲಿ ಸದಾ ಕೆಂಪು ಪೆನ್ನು. ಎಲ್ಲಿ ಅಕ್ಷರ ತಪ್ಪಿದ್ದರೂ ಕೈ ತಡೆಯುತ್ತಿರಲಿಲ್ಲ. ಶೌಚಾಲಯದ ಗೋಡೆಯ ಮೇಲೆ ಯಾರೋ ಅವನನ್ನೇ ಬೈದು ಬರೆದಿದ್ದನ್ನು ಅಳಿಸದೆ, ಅದರಲ್ಲಿದ್ದ ಎರಡು ಕಾಗುಣಿತದ ತಪ್ಪು ತಿದ್ದಿ ಬಂದವನು. ಅವನ ಕುರ್ಚಿಯ ಮೇಲೆ ನಡುವೆ ತೂತಿರುವ ದುಂಡನೆಯ ದಪ್ಪ ದಿಂಬು ಇರುತ್ತಿತ್ತು. ಯಾಕೆಂದು ಯಾರೂ ಕೇಳಿರಲಿಲ್ಲ; ಎಲ್ಲರಿಗೂ ಗೊತ್ತಿತ್ತು.

“ಏನಂತ ಆಗ್ಬೇಕು ನಿಮಗೆ?”

“ಧ್ವನಿ ಸಹಾಯಕಿ ಅಂತ, ಸರ್.”

ಅರ್ಜಿಯಲ್ಲಿ ಮೂರು ಕಡೆ ಕೆಂಪು ಬಿತ್ತು. “ವಿನಂತಿಗೆ ದೀರ್ಘ ಬೇಡ ನೋಡಿ. ಸರಿ, ಕೇಳಿ ಕಿವಿಯಕ್ಕಾ. ಗುರುವಾರ ಆಲಿಸುವ ಪರೀಕ್ಷೆ. ನಲವತ್ತು ಜನ. ಒಂದೇ ಒಂದು ದೂರು ಬರದೆ ಮುಗೀಲಿ, ಅವತ್ತು ಸಂಜೆಯೇ ಆದೇಶ ಬರೆದು ಸಹಿ ಹಾಕ್ತೀನಿ. ಮೇಲಿನವರಿಗೆ ನಾನೂ ಒಂದು ಕಾರಣ ತೋರಿಸ್ಬೇಕಲ್ಲ.”

“ದೂರು ಬಂದ್ರೆ?”

“ಬಂದ್ರೆ ಬಂತು. ಆಮೇಲೆ ನನ್ನ ಕೇಳ್ಬೇಡಿ.”

ಮನೆಯಲ್ಲಿ ಗಂಡ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಸೊಂಟ ಸಡಿಲಿಸುತ್ತಿದ್ದ. ಸುದ್ದಿ ಕೇಳಿ ಸೂಜಿ ನಿಲ್ಲಿಸಿದ. “ಧ್ವನಿ ಸಹಾಯಕಿ ಅಂದ್ರೆ ಇನ್ಮೇಲೆ ಮನೇಲೂ ಧ್ವನಿ ಜಾಸ್ತಿ ಮಾಡ್ತೀಯೇನೇ?”

“ನಿಮಗೆ ಕಿವಿ ಕೇಳಿಸೋದಿದ್ರೆ ತಾನೇ?” ಎಂದಳು. ಅವನು ನಕ್ಕು, ಮತ್ತೆ ಯಂತ್ರ ತುಳಿಯುತ್ತ, ಆಕೆಗೆ ಕೇಳಿಸುವ ಹಾಗೆ ತನ್ನಷ್ಟಕ್ಕೆ “ಧ್ವನಿ ಸಹಾಯಕಿ” ಎಂದು ಹೇಳಿನೋಡಿದ. ಇಬ್ಬರಿಗೂ ಚೆನ್ನಾಗಿದೆ ಅನ್ನಿಸಿತು.

ಮಂಗಳವಾರ ಕಿವಿಯಕ್ಕ ನಲವತ್ತು ಹೆಡ್‌ಫೋನಿನ ಎಂಬತ್ತು ದಿಂಬು ಬಿಚ್ಚಿದಳು. ಆ ಹೆಡ್‌ಫೋನುಗಳದ್ದು ಒಂದು ವಿಚಿತ್ರ: ಎಡದ ದಿಂಬಿನ ಹಿಂದಿನ ಬಳೆಗೆ ಸಿಕ್ಕಿಸುವ ಮೂರು ಹಲ್ಲು, ಬಲದ್ದಕ್ಕೆ ನಾಲ್ಕು. ಮಾಡಿದವರ ಬುದ್ಧಿ ದೇವರಿಗೇ ಪ್ರೀತಿ. ಒಂದರದ್ದು ಇನ್ನೊಂದಕ್ಕೆ ಏನು ಮಾಡಿದರೂ ಕೂರುವುದಿಲ್ಲ. ಹಾಗಾಗಿ ಒರೆಸಿದ ದಿಂಬುಗಳನ್ನು ಎರಡು ತಟ್ಟೆಯಲ್ಲಿ ಬೇರೆ ಬೇರೆ ಹರಡಿ, ಚೀಟಿ ಅಂಟಿಸಿದಳು. ಎಡಕ್ಕೆ ‘ಎ’. ಬಲಕ್ಕೆ ‘ಬ’. ಕಿಟಕಿಯ ಪಕ್ಕ ನೆರಳಿನಲ್ಲಿ ಇಟ್ಟು, ಐದು ಗಂಟೆಗೆ ಮನೆಗೆ ಹೋದಳು.

ಬುಧವಾರ ಬೆಳಿಗ್ಗೆ ಬಂದಾಗ ‘ಎ’ ತಟ್ಟೆ ಹಾಗೇ ಇತ್ತು. ‘ಬ’ ತಟ್ಟೆ ಖಾಲಿ. ಅದರ ಚೀಟಿಯ ಮೇಲೆ, ‘ಬ’ದ ನೆತ್ತಿಗೆ, ಕೆಂಪು ಶಾಯಿಯಲ್ಲಿ ದುಂಡಗೆ ಒಂದು ಗುಡಿಸು ಕೂತಿತ್ತು.

‘ಬಿ.’

ಕಿವಿಯಕ್ಕ ಮೆಟ್ಟಿಲು ಹಾರಿಕೊಂಡು ಮೇಲ್ವಿಚಾರಕನ ಕೋಣೆಗೆ ಓಡಿದಳು. “ಸರ್, ಬಲಗಿವಿಗಳೆಲ್ಲಿ?”

“ಯಾರ ಬಲಗಿವಿ?”

“ಎಲ್ಲಾರ್ದೂ!”

ಅವನು ತನ್ನ ಕಿವಿ ಮುಟ್ಟಿ ನೋಡಿಕೊಂಡ. ಇತ್ತು. “ಸರಿಯಾಗಿ ಹೇಳಿ.”

“ತಟ್ಟೇಲಿತ್ತಲ್ಲ ಸರ್, ಬ ಅಂತ ಬರೆದಿದ್ದೆ.”

“ಹಾಂ, ಅದಾ? ನಾನೇ ಹೇಳೋಣ ಅಂತಿದ್ದೆ. ಎ ದರ್ಜೆ, ಬಿ ದರ್ಜೆ ಅಂತ ವಿಂಗಡಿಸಿದ್ದು ತುಂಬ ಒಳ್ಳೇದಾಯ್ತು. ಬಿ-ಗೆ ಗುಡಿಸು ಬಿಟ್ಟುಹೋಗಿತ್ತು, ಹಾಕಿದೆ. ನಿನ್ನೆ ಸಂಜೆ ಹಳೇ ಪೇಪರ್ ಒಯ್ಯಕ್ಕೆ ಗುಜರಿಯವನು ಬಂದಿದ್ದ, ಬಿ ದರ್ಜೆ ಅಷ್ಟೂ ಕೊಟ್ಟುಬಿಟ್ಟೆ. ನೋಡಿದ್ರೂ ಎರಡನೇ ದರ್ಜೆ ಅಂತ ಗೊತ್ತಾಗ್ತಿತ್ತು, ಸ್ವಲ್ಪ ಸವೆದಿದ್ವು.”

“ಸರ್.” ಕಿವಿಯಕ್ಕ ಗೋಡೆ ಹಿಡಿದು ನಿಂತಳು. “ಜನ ಬಲಗಡೆ ಒತ್ತಿ ಕೇಳ್ತಾರೆ, ಅದಕ್ಕೇ ಸವೆಯುತ್ತೆ. ಅದು ಎ ಅಲ್ಲ ಸರ್, ಎಡ. ಬಿ ಅಲ್ಲ, ಬಲ.”

ಮೇಲ್ವಿಚಾರಕ ಎಡಗೈ ನೋಡಿಕೊಂಡ, ಬಲಗೈ ನೋಡಿಕೊಂಡ. “ಒಂದು ಗುಡಿಸು…” ಎಂದ ಕಡೆಗೆ, ಕ್ಷೀಣವಾಗಿ.

“ಇಪ್ಪತ್ತೆರಡು ವರ್ಷದಲ್ಲಿ ನಾನು ಎಷ್ಟೋ ಗುಡಿಸಿದ್ದೀನಿ ಸರ್. ನಿಮ್ಮ ಹಾಗೆ ಒಂದೇ ಏಟಿಗೆ ನಲವತ್ತು ಕಿವಿ ಗುಡಿಸಿಹಾಕಿದವರನ್ನ ನೋಡಿರ್ಲಿಲ್ಲ” ಎಂದು ಆಕೆ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು.

ಗುಜರಿಯವನು ತಕ್ಕಡಿಯ ಪಕ್ಕ ಕೂತಿದ್ದ. ಅವನ ನಾಯಿ ನೆಲದ ಮೇಲೆ ಮಲಗಿ ಕಪ್ಪಗಿನದೇನನ್ನೋ ಸಾವಧಾನವಾಗಿ ಅಗಿಯುತ್ತಿತ್ತು.

“ಅಯ್ಯೋ, ಅದು ಬಲಗಿವಿ ಕಣೋ!” ಎಂದು ಕಿವಿಯಕ್ಕ ಕೂಗಿದಾಗ ಬೀದಿಯಲ್ಲಿ ಹೋಗುತ್ತಿದ್ದವರು ಗಾಬರಿಯಾಗಿ ನಿಂತರು.

“ಮೂರೇ ಅಕ್ಕಾ ಇದು ತಿಂದಿದ್ದು” ಎಂದ ಗುಜರಿಯವನು, ಸಮಾಧಾನ ಹೇಳುವಂತೆ. “ಮಿಕ್ಕಿದ್ದೆಲ್ಲ ನಿಮ್ಮ ನಾದಿನೀನೇ ಎತ್ಕೊಂಡು ಹೋದ್ರಲ್ಲ, ಬೆಳಿಗ್ಗೆ.”

ಕಿವಿಯಕ್ಕ ಹಣೆ ಚಚ್ಚಿಕೊಂಡಳು. ಊರಲ್ಲಿ ಇಷ್ಟು ಜನರಿದ್ದಾರೆ, ಹೋಗಿ ಹೋಗಿ ಅವಳ ಕೈಗೇ ಸಿಗಬೇಕೇ?

ಟೀ ಅಂಗಡಿಯಲ್ಲಿ ಒಂಬತ್ತು ಮೇಜು, ಒಂಬತ್ತೂ ಭರ್ತಿ. ಮೇಜುಗಳದ್ದು ಸಣ್ಣ ಕಬ್ಬಿಣದ ಕಾಲು. ಬರುವವರೆಲ್ಲ ಅದಕ್ಕೆ ಕಾಲ್ಬೆರಳು ಬಡಿದುಕೊಂಡು ನಾದಿನಿಯ ವಂಶವನ್ನೇ ಬೈಯುವುದು ವಾಡಿಕೆ. ಇವತ್ತು ಬೈಗುಳವಿರಲಿಲ್ಲ. ಪ್ರತಿ ಕಾಲಿಗೂ, ನೆಲಕ್ಕೆ ತಾಕಿದಂತೆ, ಕಪ್ಪಗೆ ಮೆತ್ತಗೆ ಒಂದೊಂದು ಕಾಲ್ಕಡಗ. ಒಂಬತ್ತು ನಾಲ್ಕಲ ಮೂವತ್ತಾರು. ಇನ್ನೊಂದು, ಗೋಡೆಯ ಮೇಲಿನ ಸ್ಪೀಕರ್ ಡಬ್ಬದ ಕೆಳಗೆ.

“ಬಾ ಅತ್ತಿಗೆ! ನೋಡು, ನನ್ನ ಮೇಜಿಗೆಲ್ಲ ಗೆಜ್ಜೆ ಕಟ್ಟಿದ್ದೀನಿ” ಎಂದಳು ನಾದಿನಿ. ಗಿರಾಕಿಗಳ ಕಡೆ ತಿರುಗಿ, “ನಮ್ಮತ್ತಿಗೆ. ಗುಡಿಸೋ…”

“ಅವು ಪರೀಕ್ಷೆಯ ಹೆಡ್‌ಫೋನಿಂದು ಕಣೇ. ನಾಳೆಗೆ ಬೇಕು. ಕೊಟ್ಟುಬಿಡು.”

“ಈಗಲಾ? ಅಂಗಡಿ ತುಂಬ ಜನ ಇದ್ದಾಗ ಮೇಜು ಎತ್ತಿಸ್ತೀಯಾ? ಸಾಯಂಕಾಲ ಬಾ, ನೋಡೋಣ.”

ಸಾಯಂಕಾಲವಾದರೆ ತೊಳೆದು ಆರಿಸಲು ಹೊತ್ತಿರುವುದಿಲ್ಲ. ಅಷ್ಟರಲ್ಲಿ ಸ್ಪೀಕರಿನಿಂದ ಹಾಡೊಂದು ಶುರುವಾಯಿತು. ಪಿಟೀಲು ಕೇಳಿತು, ತಬಲ ಕೇಳಿತು, ದೂರದ ಬಾವಿಯಲ್ಲಿ ಬಿದ್ದವರ ಹಾಗೆ ಏನೋ ಒಂದು ಮಾರ್ದನಿ ಕೇಳಿತು, ಹಾಡುವವರ ಸುಳಿವಿಲ್ಲ. ಆ ಜಾಗ ಬಂದ ಕೂಡಲೇ ನಾದಿನಿ ಸೌಟು ಎತ್ತಿ ಹಿಡಿದು ಕಣ್ಣು ಮುಚ್ಚಿ ತಾನೇ ಹಾಡತೊಡಗಿದಳು. ಒಂಬತ್ತು ಮೇಜುಗಳೂ ಒಟ್ಟಿಗೆ ಟೀ ಲೋಟದೊಳಗೆ ಮುಖ ಹುದುಗಿಸಿದವು.

“ಎಷ್ಟು ದಿನದಿಂದ ಹೀಗೆ?” ಎಂದು ಕಿವಿಯಕ್ಕ ಪಕ್ಕದ ಮೇಜಿನ ಮುದುಕನನ್ನು ಕೇಳಿದಳು.

“ಎರಡು ವರ್ಷ ತಾಯಿ” ಎಂದ ಆತ. ಕಣ್ಣಲ್ಲಿ ನೀರಿತ್ತು.

“ಇದು ಹೊಸ ಫ್ಯಾಷನ್ನು” ಎಂದಳು ನಾದಿನಿ, ಹಾಡಿನ ನಡುವೆ. “ನಮಗೆ ಹಾಡಕ್ಕೆ ಅಂತಲೇ ಜಾಗ ಬಿಟ್ಟಿರ್ತಾರೆ.”

“ಫ್ಯಾಷನ್ನೂ ಅಲ್ಲ ಏನೂ ಅಲ್ಲ, ಬುಡ ಹಿಡಿದಿಲ್ಲ. ಹಾಡೋರನ್ನ ನಾನು ವಾಪಸ್ ಕರೆಸ್ತೀನಿ. ಕರೆಸಿದ್ರೆ ದಿಂಬು ಕೊಡ್ತೀಯಾ?”

ನಾದಿನಿ ಬಾಯಿ ತೆರೆಯುವ ಮೊದಲೇ ಒಂಬತ್ತು ಮೇಜಿನಿಂದ ಒಕ್ಕೊರಲಿನಲ್ಲಿ “ಕೊಡ್ತಾರೆ!” ಎಂದು ಬಂತು.

ಕಿವಿಯಕ್ಕ ಚೀಲದಿಂದ ಸ್ಪಿರಿಟ್ಟಿನ ಪುಟ್ಟ ಸೀಸೆ ತೆಗೆದಳು. ಪಿನ್ನನ್ನು ವೈರು ಹಿಡಿದು ಎಳೆಯದೆ, ತಲೆ ಹಿಡಿದು ಹಗುರವಾಗಿ ಕಿತ್ತಳು. ಎರಡು ವರ್ಷದ ಟೀ ಹಬೆ, ಎಣ್ಣೆ ಜಿಡ್ಡು ಅದರ ಬುಡದಲ್ಲಿ ಕರ್ರಗೆ ಗಟ್ಟಿಯಾಗಿ ಕೂತಿತ್ತು. ಬಟ್ಟೆಗೆ ಎರಡು ಹನಿ ಹಾಕಿ ಸುತ್ತ ತಿರುವಿ ತಿರುವಿ ಒರೆಸಿದಳು. ಹತ್ತಿ ಸುತ್ತಿದ ಕಡ್ಡಿಯನ್ನು ತೂತಿನೊಳಗೆ ಆಡಿಸಿ ತೆಗೆದಳು. ಎರಡು ನಿಮಿಷ ಆರಲು ಬಿಟ್ಟಳು. ಆ ಎರಡು ನಿಮಿಷ ಅಂಗಡಿಯಲ್ಲಿ ಯಾರೂ ಟೀ ಮುಟ್ಟಲಿಲ್ಲ. ಪಿನ್ನು ಸಿಕ್ಕಿಸಿದಳು.

ಒಂದು ಹೆಣ್ಣು ದನಿ, ಈಗತಾನೇ ಬಾಗಿಲು ತೆರೆದು ಒಳಗೆ ಬಂದವರಂತೆ, ಅಂಗಡಿಯ ತುಂಬ ಹರಡಿತು.

“ಅಯ್ಯೋ, ಈ ಹಾಡು ಇದಾ!” ಎಂದು ಒಬ್ಬ ಎದ್ದುನಿಂತ. ಮುದುಕ ಮೂಗು ಒರೆಸಿಕೊಂಡ. ನಾದಿನಿಯ ಸೌಟು ನಿಧಾನವಾಗಿ ಕೆಳಗಿಳಿಯಿತು. “ನನ್ನಷ್ಟು ಎತ್ತರಕ್ಕೆ ಹೋಗಲ್ಲ” ಎಂದಳು. ಆದರೆ ಪೂರ್ತಿ ಕೇಳಿದಳು.

ಆಮೇಲೆ ಗಿರಾಕಿಗಳೇ ಲೋಟಗಳ ಸಮೇತ ಒಂದೊಂದೇ ಮೇಜು ಎತ್ತಿಹಿಡಿದರು. ಕಿವಿಯಕ್ಕ ಮೊಣಕಾಲೂರಿ ತೆವಳುತ್ತ, ‘ನಿನ್ನ ಛತ್ರಿ ಮೇಜಿನ ಕೆಳಗಿದೆ’ ಎಂಬ, ಇಪ್ಪತ್ತೆರಡು ವರ್ಷ ಕೇಳಿಸಿಕೊಂಡ ಪಾಠವನ್ನು ಪರಭಾಷೆಯಲ್ಲಿ ಗೊಣಗುತ್ತ, ಮೂವತ್ತಾರು ಕಾಲ್ಕಡಗ ಕಳಚಿದಳು. ಮೂವತ್ತೇಳನೆಯದನ್ನು ನಾದಿನಿಯೇ ಸ್ಪೀಕರಿನ ಕೆಳಗಿಂದ ತೆಗೆದುಕೊಟ್ಟಳು. ಯಾರೋ ಹೊಸ ಗಿರಾಕಿ “ಯಾರಿವರು?” ಎಂದು ಕೇಳಿದ. “ನಮ್ಮತ್ತಿಗೆ” ಎಂದಳು ನಾದಿನಿ. ಸ್ವಲ್ಪ ತಡೆದು, “ಅದೇನೋ ಧ್ವನಿ ಇಲಾಖೆ.”

“ಇನ್ನೂ ಆಗಿಲ್ಲ ಕಣೇ” ಎಂದಳು ಕಿವಿಯಕ್ಕ ಮೆಲ್ಲಗೆ.

ಶಾಲೆಯಲ್ಲಿ ಮೂವತ್ತೇಳನ್ನೂ ಮತ್ತೆ ಒರೆಸಿ ಫ್ಯಾನಿನ ಕೆಳಗೆ ಹರಡಿದ್ದಾಯಿತು. ಮೂರು ಕಡಿಮೆ. ಮೇಲ್ವಿಚಾರಕ ಬಾಗಿಲಲ್ಲಿ ನಿಂತು ಬೆರಳು ಹಿಸುಕಿಕೊಳ್ಳುತ್ತಿದ್ದ.

“ಮೂರು ಜನ ಒಂದೇ ಕಿವೀಲಿ ಕೇಳಿದ್ರೆ ಆಗಲ್ವಾ?”

“ನೀವು ಒಂದೇ ಕಾಲಲ್ಲಿ ಮನೆಗೆ ಹೋಗ್ತೀರಾ?”

ಆಕೆ ಗಂಡನನ್ನು ಕರೆಸಿದ್ದಳು. ಅವನು ಅಳತೆಪಟ್ಟಿಯಿಂದ ಹೆಡ್‌ಫೋನಿನ ಕಿವಿಯ ಸುತ್ತಳತೆ ತೆಗೆದು, “ಸೊಂಟ ಸಣ್ಣ” ಎಂದು ಬರೆದುಕೊಂಡ. ಟೊಪ್ಪಿಗೆಯ ಹಾಗೆ ಮೇಲಿಂದ ತೊಡಿಸುವ ಬಟ್ಟೆಯ ಚೀಲಕ್ಕೆ ಎಲಾಸ್ಟಿಕ್ ಹಾಕಿ ಹೊಲಿದರಾಯಿತು, ಹಲ್ಲಿನ ಗೊಡವೆ ಬೇಡ. “ಆದ್ರೆ ಒಳಗೆ ತುಂಬಕ್ಕೆ ಒಳ್ಳೇ ಸ್ಪಂಜು ಬೇಕು ಕಣೇ. ದಪ್ಪ ಇರ್ಬೇಕು, ಕೂತರೆ ತಕ್ಷಣ ಮೇಲೇಳೋ ಅಂಥದ್ದು.”

ಕಿವಿಯಕ್ಕ ಕೋಣೆಯೆಲ್ಲ ನೋಡಿದಳು. ಆಮೇಲೆ ಮೇಲ್ವಿಚಾರಕನ ಹಿಂದೆ ಹಿಂದೆಯೇ ಅವನ ಕೋಣೆಗೆ ಹೋದಳು. ಅವನು ನಿಟ್ಟುಸಿರಿಟ್ಟು ಕುರ್ಚಿಯಲ್ಲಿ ಕೂತ. ಆಕೆ ತುಂಬ ವಿನಯದಿಂದ ಕೇಳಿದಳು:

“ಸರ್, ಸ್ವಲ್ಪ ಏಳ್ತೀರಾ?”

ಅವನು ಎದ್ದ. ಆಕೆ ಏನು ನೋಡುತ್ತಿದ್ದಾಳೆಂದು ಅವನೂ ನೋಡಿದ. “ಇದು ಬೇಡ ಕಿವಿಯಕ್ಕಾ, ವೈದ್ಯರು ಹೇಳಿದ್ದು.”

“ಗುಡಿಸು ಹಾಕು ಅಂತಲೂ ವೈದ್ಯರೇ ಹೇಳಿದ್ರಾ ಸರ್?”

ಆ ದುಂಡು ದಿಂಬಿನ ಸ್ಪಂಜನ್ನು ಕಿವಿಯಕ್ಕ ನಾಲ್ಕು ನೀರಿನಲ್ಲಿ ತೊಳೆದಳು. ಗಂಡ ಸಾಕು ಎಂದಾಗ ಐದನೆಯದರಲ್ಲೂ ತೊಳೆದಳು. “ಎಲ್ಲಿದ್ದದ್ದು, ಎಲ್ಲಿಗೆ ಹೋಗ್ತಿದೆ ನೋಡ್ಬೇಕಲ್ಲ” ಎಂದಳು.

ಗುರುವಾರ ಬೆಳಿಗ್ಗೆ ನಲವತ್ತು ಜನ ನಲವತ್ತು ಹೆಡ್‌ಫೋನು ತೊಟ್ಟು ಕೂತರು. ಮೂರು ಹೆಡ್‌ಫೋನುಗಳ ಬಲಗಿವಿಗೆ ಮಾತ್ರ ಪ್ಯಾಂಟಿನ ಬಟ್ಟೆಯ ಹೊಸ ಟೊಪ್ಪಿಗೆ. ಪರೀಕ್ಷೆ ಶುರುವಾಯಿತು. ಕಿವಿಯಕ್ಕ ಹಿಂದಿನ ಗೋಡೆಗೆ ಒರಗಿ ನಿಂತು ನಲವತ್ತು ಜೊತೆ ಕಿವಿಗಳನ್ನು ಕಾಯುತ್ತಿದ್ದಳು. ಮೇಲ್ವಿಚಾರಕ ಕುರ್ಚಿಯಲ್ಲಿ ಒಂದು ಸಲ ಕೂತುನೋಡಿದ, ಮುಖ ಹಿಂಡಿಕೊಂಡು ಎದ್ದ, ಸಾಲುಗಳ ನಡುವೆ ಅಡ್ಡಾಡತೊಡಗಿದ. ಹತ್ತು ನಿಮಿಷ ಹೋಯಿತು, ಇಪ್ಪತ್ತು ಹೋಯಿತು.

ಇಪ್ಪತ್ತಮೂರನೇ ನಂಬರಿನವಳು ಕೈ ಎತ್ತಿದಳು.

ಕಿವಿಯಕ್ಕ ಗೋಡೆ ಬಿಟ್ಟು ನೆಟ್ಟಗಾದಳು. ಇಪ್ಪತ್ತಮೂರರ ಪಿನ್ನನ್ನು ಮೂರು ಸಲ ಒರೆಸಿದ್ದಳು. ತೂತೂ ಒರೆಸಿದ್ದಳು. ವೈರು ಬುಡದಲ್ಲಿ ಮಡಿಸಿರಲಿಲ್ಲ. ಇನ್ನೇನು ಉಳಿದಿತ್ತು?

“ಸರ್, ದೂರು” ಎಂದಳು ಆ ಹುಡುಗಿ.

“ಹೇಳಿ” ಎಂದ ಮೇಲ್ವಿಚಾರಕ.

“ಕಿರ್ ಕಿರ್ ಅಂತ ಸದ್ದು ಬರ್ತಿದೆ.”

“ಎಡಗಿವೀಲೋ ಬಲಗಿವೀಲೋ?” ಎಂದು ಕಿವಿಯಕ್ಕ ಅಲ್ಲಿಂದಲೇ ಕೇಳಿದಳು.

“ಕಿವೀಲಲ್ಲ. ಹೊರಗೆ. ಸರ್ ಬೂಟಿಂದ.”

ಮೇಲ್ವಿಚಾರಕ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಉಳಿದ ಪರೀಕ್ಷೆಯನ್ನು ಕಾಲುಚೀಲದಲ್ಲಿ ಕಳೆದ. ಬಲಗಾಲಿನ ಹೆಬ್ಬೆರಳು ತೂತಿನಿಂದ ಹೊರಗೆ ಇಣುಕಿ ಎಲ್ಲ ಆಲಿಸುತ್ತಿತ್ತು. ಮುಗಿದ ಮೇಲೆ ಟೊಪ್ಪಿಗೆಯ ಹೆಡ್‌ಫೋನು ಸಿಕ್ಕಿದ್ದ ಒಬ್ಬ ಹತ್ತಿರ ಬಂದ. “ಸರ್, ನನ್ನದು ಎಷ್ಟು ಮೆತ್ತಗಿತ್ತು ಅಂತೀರಿ! ಈ ದಿಂಬು ಎಲ್ಲಿ ಸಿಗುತ್ತೆ?” ಮೇಲ್ವಿಚಾರಕ ಕೆಮ್ಮಿದ. ಕಿವಿಯಕ್ಕ ಚಾವಣಿ ನೋಡಿದಳು.

ಸಂಜೆ ಆಕೆ ಕರೆಯದೆಯೇ ಅವನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಅವನು ದೂರಿನ ಪುಸ್ತಕ ಬಿಚ್ಚಿ ನಿಂತಿದ್ದ, ಕೂರುವಂತಿರಲಿಲ್ಲ.

“ಒಂದು ದೂರು ಬಂದಿದೆ, ಕಿವಿಯಕ್ಕಾ.”

ಆಕೆ ಕಾರ್ಡನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿದಳು. “ಬಂದಿದೆ ಸರ್. ನಾನೂ ಕೇಳಿಸ್ಕೊಂಡೆ.”

“ಮೇಲಿನವರಿಗೆ ಬರೆದಿದ್ದೀನಿ. ‘ಕಿವಿಯ ಬಗ್ಗೆ ದೂರಿಲ್ಲ, ಕಾಲಿನ ಬಗ್ಗೆ ಒಂದು. ಕಾಲು ನನ್ನದು.’” ಅವನು ಒಂದು ಹಾಳೆಯನ್ನು ಆಕೆಯ ಕಡೆ ಸರಿಸಿದ. ಕೈಬರಹದ ಆದೇಶ, ಕೆಳಗೆ ಸಹಿ. ಕಿವಿಯಕ್ಕ ಕನ್ನಡಕ ಏರಿಸಿ ಓದಿದಳು. ಇನ್ನೊಮ್ಮೆ ಓದಿದಳು.

“ಸರ್, ‘ಧ್ವನ ಸಹಾಯಕ’ ಅಂತಿದೆ.”

“ಗೊತ್ತು” ಎಂದ ಅವನು. ತಲೆ ಎತ್ತಲಿಲ್ಲ. “ನಿನ್ನೆಯಿಂದ ಗುಡಿಸು ಹಾಕಕ್ಕೆ ಹೋದ್ರೆ ಕೈ ನಡುಗುತ್ತೆ. ನೀವೇ ಹಾಕ್ಕೊಂಡುಬಿಡಿ” ಎಂದು ಜೇಬಿನಿಂದ ಕೆಂಪು ಪೆನ್ನು ತೆಗೆದು ಕೊಟ್ಟ. ಆ ಪೆನ್ನನ್ನು ಅವನು ಇನ್ನೊಬ್ಬರಿಗೆ ಕೊಟ್ಟದ್ದನ್ನು ಶಾಲೆಯಲ್ಲಿ ಯಾರೂ ನೋಡಿರಲಿಲ್ಲ.

ಕಿವಿಯಕ್ಕ ಮೇಜಿನ ಮೇಲೆ ಬಾಗಿ, ಜಾಲರಿ ನೇವರಿಸುವಷ್ಟೇ ಹಗುರವಾಗಿ, ‘ನ’ದ ನೆತ್ತಿಗೆ ಒಂದು ಗುಡಿಸು ಇಟ್ಟಳು. ‘ಕ’ದ ನೆತ್ತಿಗೆ ಇನ್ನೊಂದು. ದೂರ ಹಿಡಿದು ನೋಡಿದಳು. ಎರಡೂ ದುಂಡಗೆ, ಅಂದವಾಗಿ ಕೂತಿದ್ದವು.

“ಆಯ್ತು ಸರ್” ಎಂದು ಪೆನ್ನಿನ ಮುಚ್ಚಳ ಹಾಕಿ ಹಿಂದಿರುಗಿಸಿದಳು. “ಇಲ್ಲಿಗೆ ನನ್ನ ಗುಡಿಸೋದು ಮುಗೀತು.”